ಸೋದರಮಾವ ಬಂದ ದಿನ

ಮುಂಬಯಿಯ ಚೆಂಬೂರಿನ ರಕ್ಷಣಾಗೃಹದಲ್ಲಿ ಮೇಲ್ವಿಚಾರಕಿಯರಾಗಲು ತರಬೇತಿ ಪಡೆಯುತ್ತಿದ್ದವರಲ್ಲಿ ಕಾಶವ್ವನೊಬ್ಬಳಿಗೇ ಕನ್ನಡ ಬರುತ್ತಿತ್ತು. ಸೂಳೆಗೇರಿಗಳಿಂದ ಪೊಲೀಸರು ಬಿಡಿಸಿ ತಂದ ಹೆಣ್ಣುಮಕ್ಕಳನ್ನು ಕಾಯುವ ಕೆಲಸ. ಹೊಸ ಕಾಯ್ದೆಯೇನೋ ದೆಹಲಿಯಿಂದ ಬಂದಿತ್ತು, ಕಾಯುವವರನ್ನು ಮಾತ್ರ ಇಲ್ಲೇ ತಯಾರು ಮಾಡಬೇಕಿತ್ತು. ಕಲಿಸುತ್ತಿದ್ದ ಪಾರ್ಸಿ ಹೆಂಗಸು ಫ್ರೇನಿಬಾಯಿ ದಿನಾ ಒಂದೇ ಮಾತು ಹೇಳುತ್ತಿದ್ದಳು. ನೆಂಟರೆಂದು ಯಾರೇ ಬರಲಿ, ಅವರು ಯಾರೆಂಬುದು ಹುಡುಗಿಯ ಬಾಯಿಂದಲೇ ಬರಬೇಕು, ನೀವು ಹೇಳಿಕೊಡಬೇಡಿ.

ಒಂದು ಬೆಳಿಗ್ಗೆ ಬೈಲಹೊಂಗಲ ಕಡೆಯ ದಾನಪ್ಪ ಹಸಿರು ಸೀರೆ ಹಿಡಿದು ಬಂದ. ಅಲ್ಲಿದ್ದ ಹದಿನೆಂಟರ ಅಂಬವ್ವನಿಗೆ ತಾನು ಸೋದರಮಾವ, ಮದುವೆಯಾಗಿ ಊರಿಗೆ ಕರೆದೊಯ್ಯುತ್ತೇನೆ ಎಂದ.

ಮಾವನೇ ಗಂಡನಾಗುವುದೇ ಎಂದು ಫ್ರೇನಿಬಾಯಿ ಮೂಗು ಮುರಿದಳು. ಕಾಶವ್ವನಿಗೆ ಮೈ ಉರಿಯಿತು. ಅವಳೂ ಸೋದರಮಾವನನ್ನೇ ಕಟ್ಟಿಕೊಂಡು ಪಕ್ಕದ ಸಾಯನ್‌ನಲ್ಲಿ ಸುಖವಾಗಿದ್ದವಳು. ಅಕ್ಕನ ಮಗಳಿಗೆ ಮಾವನೇ ಮೊದಲ ವರ, ಅದರಲ್ಲೇನು ತಪ್ಪು ಎಂದು ಹರಕು ಹಿಂದಿಯಲ್ಲಿ ಜಗಳಕ್ಕೇ ನಿಂತಳು. ಇಡೀ ಸೀಮೆಯ ಮರ್ಯಾದೆಯನ್ನು ಇವಳೊಬ್ಬಳ ತಲೆಗೇ ಕಟ್ಟಿದ್ದರೋ ಏನೋ.

ಹುಡುಗಿಯನ್ನು ಒಳಗೆ ಕೂರಿಸಿ ಕೇಳಿದವಳೂ ಅವಳೇ.

"ನಿಮ್ಮ ಸೋದರಮಾವ ದಾನಪ್ಪ ಬಂದಾನವಾ, ಸೀರಿ ತಂದಾನ. ಊರಿಗೆ ಹೋಗ್ತೀಯಲ್ಲ?"

ಅಂಬವ್ವ ಅವಳ ಮುಖವನ್ನೇ ನೋಡಿದಳು. "ಅಂವ ನಿಮಗ ಗೊತ್ತೇನ್ರೀ?"

"ನಮ್ಮ ಕಡ್ಯಾಂವ ಅಲ್ಲೇನ. ಗೊತ್ತಿಲ್ದ ಏನ."

ಅಂಬವ್ವ ತಲೆ ತಗ್ಗಿಸಿದಳು. ಆಮೇಲೆ ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ. ಮದುವೆಯ ಮಾತೆತ್ತಿದಾಗ ತಾನೂ ಹೀಗೇ ನಾಚಿದ್ದು ಕಾಶವ್ವನಿಗೆ ನೆನಪಾಯಿತು. ಒಪ್ಪಿದ್ದಾಳೆ ಎಂದು ಫ್ರೇನಿಬಾಯಿಗೆ ತಿಳಿಸಿದಳು. ಕನ್ನಡ ಬಾರದ ಫ್ರೇನಿಬಾಯಿ ನಂಬಿದಳು, ಮೇಲಿನವರ ಒಪ್ಪಿಗೆಯೂ ಸಿಕ್ಕಿತು. ಹೊರಡುವಾಗ ಹುಡುಗಿಯ ಹಣೆಗೆ ಕುಂಕುಮ ಇಟ್ಟವಳೂ ಕಾಶವ್ವನೇ.

ವಾರದೊಳಗೆ, ಮಗಳು ಸಿಕ್ಕಳೆಂದು ಪೊಲೀಸರು ಕಳಿಸಿದ್ದ ಸುದ್ದಿ ತಲುಪಿ ಅಂಬವ್ವನ ತಾಯಿ ಮಲ್ಲವ್ವ ಬಂದಳು. ನಿನ್ನ ತಮ್ಮ ದಾನಪ್ಪ ಕರೆದೊಯ್ದ ಎಂದು ಕಾಶವ್ವ ಹೇಳಿದಾಗ ಅವಳಿಗೆ ಅರ್ಥವೇ ಆಗಲಿಲ್ಲ.

"ನನಗ ತಮ್ಮ ಇಲ್ರೀ ಎವ್ವಾ. ಕೆಲಸ ಕೊಡಸ್ತೀನಂತ ಅಕೀನ್ನ ಮುಂಬಯಿಗೆ ಕರಕೊಂಡ ಬಂದಾಂವನ ಆ ದಾನಪ್ಪ."

ಕಾಶವ್ವನಿಗೆ ಆಗ ಹೊಳೆಯಿತು. ಹುಡುಗಿ ನಾಚಿದ್ದಲ್ಲ, ಹೆದರಿದ್ದು. ಮಾರಿದವನು ಕಾಯುವವಳಿಗೇ ಪರಿಚಯದವನೆಂದ ಮೇಲೆ ಅವಳು ಯಾರ ಮುಂದೆ ಬಾಯಿ ಬಿಡಬೇಕಿತ್ತು?

ಪೊಲೀಸರ ಜೊತೆ ಕಾಶವ್ವ ಸೂಳೆಗೇರಿಗಳ ಗಲ್ಲಿಗಳನ್ನೆಲ್ಲ ಅಲೆದಳು. ಮೆಟ್ಟಿಲು ಮೆಟ್ಟಿಲಲ್ಲಿ ನಿಂತು ಅಂಬವ್ವಾ ಎಂದು ಕೂಗಿದಳು. ಹುಡುಗಿ ಸಿಗಲಿಲ್ಲ. ಬೇರೆ ಊರಿಗೇ ದಾಟಿಸಿರಬೇಕು ಎಂದರು ಪೊಲೀಸರು.

ರಕ್ಷಣಾಗೃಹಕ್ಕೆ ಹಿಂದಿರುಗಿದಾಗ ಮಲ್ಲವ್ವ ಅವಳ ಕೈ ಹಿಡಿದುಕೊಂಡಳು. "ನೀವಾರ ನಮ್ಮ ಕಡ್ಯಾವ್ರು ಸಿಕ್ರಿ. ಹೆಂಗರ ಮಾಡಿ ಹುಡುಕಿ ಕೊಡ್ರೀ."

"ಕಳಿಸಿದಾಕಿ ನಾನ," ಎಂದಳು ಕಾಶವ್ವ.

ಮಲ್ಲವ್ವ ಕೈ ಬಿಡಲಿಲ್ಲ. ಅಷ್ಟು ದೊಡ್ಡ ಊರಿನಲ್ಲಿ ತನ್ನ ಮಾತು ತಿಳಿಯುವವರು ಅವಳಿಗೆ ಬೇರೆ ಯಾರೂ ಗೊತ್ತಿರಲಿಲ್ಲ.