ಕಪ್ಪು ಶಿಲುಬೆಯ ಚೀಟಿ

ಗುಡ್ಡದ ಮೇಲಿನ ಮಠದ ಭಾನುವಾರದ ಪೂಜೆಯಲ್ಲಿ ಪಾದ್ರಿ ಇಯೆರೊಥಿಯೋಸ್ ಸತ್ತವರ ಹೆಸರು ಓದುತ್ತಿದ್ದಾಗ ನನ್ನ ಹೆಸರೂ ಬಂತು. ಅಸಿಮಿನಾ. ಊರಿನಲ್ಲಿ ಆ ಹೆಸರಿನವಳು ನಾನೊಬ್ಬಳೇ. ಅದಕ್ಕೂ ಮುಂಚೆ, ಬದುಕಿರುವವರ ಸಾಲಿನಲ್ಲಿ ನನ್ನ ತಂಗಿಯ ಗಂಡ ಥ್ರಾಸಿವುಲೋಸನ ಹೆಸರು ಕೇಳಿದಾಗಲೇ ನನಗೆ ತಲೆ ಕೆಟ್ಟಿತ್ತು. ಅವನನ್ನು ಮಣ್ಣು ಮಾಡಿದಾಗ ದೂರ ನಿಂತು ಕಣ್ಣಾರೆ ನೋಡಿದವಳು ನಾನು.

ಮಠದಲ್ಲಿದ್ದ ಹನ್ನೊಂದು ತಲೆಗಳೂ ನನ್ನತ್ತ ತಿರುಗಿದವು. ಪಕ್ಕದ ಮನೆಯ ಕಾಲಿರೋಯಿ ಸುಮ್ಮನಿರುವವಳೇ?

"ಮಣ್ಣು ಮಾಡಿದ್ಮೇಲೆ ಕೊಡೋ ಕಾಫಿ, ಬ್ರಾಂದಿ ನಿನ್ ಮನೇಲೇನಾ? ನೀನೇ ಮಾಡ್ಕೊಡ್ತೀಯಾ?"

ಪೂಜೆ ಮುಗಿದದ್ದೇ ಪಾದ್ರಿಯನ್ನು ಹಿಡಿದೆ. "ಫಾದರ್, ನಾನು ಸತ್ತಿದ್ದು ಯಾವಾಗ?"

"ಚೀಟೀಲಿದ್ದಿದ್ದು ಓದ್ದೆ ಕಣಮ್ಮ. ಈ ವಯಸ್ಸಲ್ಲಿ ಓದೋದೇ ಹೆಚ್ಚು, ಯೋಚ್ನೆ ಬೇರೆ ಮಾಡ್ಬೇಕಾ?"

ಪ್ರಾರ್ಥನೆಗೆ ಹೆಸರು ಬರೆದುಕೊಡಲು ಮಠ ಎರಡು ಬಗೆಯ ಚೀಟಿ ಕೊಡುತ್ತದೆ: ಬದುಕಿರುವವರ ಹೆಸರಿಗೆ ಖಾಲಿಯದು, ಸತ್ತವರ ಹೆಸರಿಗೆ ಕಪ್ಪು ಶಿಲುಬೆ ಅಚ್ಚಾದದ್ದು. ಅವರ ಕೈಯಿಂದ ಚೀಟಿ ತೆಗೆದುಕೊಂಡು ನೋಡಿದೆ, ನನ್ನ ಹೆಸರು ಶಿಲುಬೆಯ ಕೆಳಗಿತ್ತು. ಅಕ್ಷರ ನನ್ನ ತಂಗಿ ಗರುಫಾಲ್ಯಾಳದು.

ಅವಳೊಂದಿಗೆ ಮಾತು ಬಿಟ್ಟು ಹನ್ನೊಂದು ವರ್ಷ. ಅಮ್ಮನ ಆಲಿವ್ ಮರಗಳು ಏಳು. ನಾಲ್ಕು ಯಾರಿಗೆ ಎಂಬುದೇ ಜಗಳ. ನನ್ನ ಮುಖ ನೋಡಬಾರದೆಂದು ಅವಳು ಶನಿವಾರವೇ ಮಠಕ್ಕೆ ಹೋಗಿ ಪೂಜೆಯ ರೊಟ್ಟಿ, ಚೀಟಿ ಇಟ್ಟು ಬರುತ್ತಾಳೆ. ನಾನು ಸತ್ತೆನೆಂದು ಯಾರಾದರೂ ಅವಳಿಗೆ ಹೇಳಿದರೇ? ಇಲ್ಲ, ಅವಳ ಪಾಲಿಗೆ ಸತ್ತೆನೇ? ಹಾಗಿದ್ದರೆ ನನ್ನ ಆತ್ಮಕ್ಕೆ ಶಾಂತಿ ಕೋರುವುದೇಕೆ? ಇಳಿಜಾರಿನುದ್ದಕ್ಕೂ ಒಂದೂ ಬಗೆಹರಿಯಲಿಲ್ಲ. ಸಿಟ್ಟು ಬಂತು, ಅಳುವೂ ಬಂತು. ಯಾವುದನ್ನು ಹಿಡಿದುಕೊಂಡು ಅವಳ ಬಾಗಿಲು ಬಡಿದೆನೋ ಗೊತ್ತಿಲ್ಲ.

"ಯಾರದು?" ಕಣ್ಣು ಕಿರಿದು ಮಾಡಿ ನೋಡಿದಳು.

"ನೀನು ಸಾಯ್ಸಿದೋಳು." ಚೀಟಿ ಅವಳ ಕೈಗೆ ತುರುಕಿದೆ.

ಅದನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡಿದಳು. ಆಮೇಲೆ ಬಾಯಿಗೆ ಕೈ ಅಡ್ಡ ಹಿಡಿದಳು.

"ಅಯ್ಯೋ, ಕನ್ನಡಕ ಒಡೆದು ನಾಲ್ಕು ದಿನ ಆಯ್ತು ಕಣೇ. ಚೀಟಿ ಅದಲುಬದಲಾಗಿದೆ! ಹಾಗಾದ್ರೆ ನಮ್ಮನೆಯವ್ರು?"

"ಅವ್ನಿಗೆ ಆಯಸ್ಸು, ಆರೋಗ್ಯ ಕೇಳ್ಕೊಂಡ್ವಿ."

ಅವಳು ನಕ್ಕಳು. ನನಗೆ ನಗು ಬರಲಿಲ್ಲ.

"ಅಂದ್ರೆ ನನ್ ಹೆಸ್ರು ಬರೀತಿದ್ಯಾ?"

"ಪ್ರತಿ ಶನಿವಾರ. ಬೈಕೊಂಡೇ ಬರೀತೀನಿ, ಆದ್ರೂ ಬದುಕಿರೋರ ಚೀಟೀಲೇ. ನೀನು ನನ್ನ ಯಾವುದ್ರಲ್ಲಿ ಬರೀತೀಯ ಅಕ್ಕ?"

ಮುಂದಿನ ವಾರದ ಚೀಟಿಗಳು ನನ್ನ ಜೇಬಿನಲ್ಲೇ ಇದ್ದವು. ಎರಡನ್ನೂ ಆಗಲೇ ತುಂಬಿಸಿದ್ದೆ. ಎರಡರಲ್ಲೂ ಅವಳಿರಲಿಲ್ಲ, ಹನ್ನೊಂದು ವರ್ಷದಿಂದಲೂ ಇರಲಿಲ್ಲ.

"ಪೆನ್ಸಿಲ್ ಇದ್ರೆ ಕೊಡೇ" ಎಂದೆ.