ಒಂದೇ ತಂಡದ ದೇಶ

ಬೇಕರಿಯವರ ಮಗಳು ಎರಡನೆಯ ಸಲವೂ ಗೆಳತಿಯರ ಅಂಗೈ ಮೇಲಿನಿಂದ ಜಾರಿ ಚಾಪೆಗೆ ಬಿದ್ದಳು. ಆದರೂ ತಂಡ ಇಡೀ ದೇಶಕ್ಕೆ ಮೊದಲನೆಯದಾಗಿ ಗೆದ್ದಿತು. ಗೆಲ್ಲದೆ ಇನ್ನೇನು, ಆಯ್ಕೆಗೆ ಬಂದಿದ್ದೇ ಒಂದು ತಂಡ. ಮೂವರು ತೀರ್ಪುಗಾರರು ರಾಜ್ಯ ಹಂಚುವವರ ಗತ್ತಿನಲ್ಲಿ ಕೂತು, ನೂರಕ್ಕೆ ಅರವತ್ತನಾಲ್ಕು ಅಂಕ ಬರೆದು, ವಿಶ್ವ ಸ್ಪರ್ಧೆಗೆ ಹೋಗಿಬನ್ನಿ ಎಂದರು.

ಚಿಯರ್‌ಲೀಡಿಂಗ್ ಎಂದರೆ ಮೈದಾನದ ಅಂಚಿನಲ್ಲಿ ಜರಿ ಕುಚ್ಚು ಅಲ್ಲಾಡಿಸುವುದು ಎಂದುಕೊಂಡವರು ಒಮ್ಮೆ ಈ ತಂಡ ಅಭ್ಯಾಸ ಮಾಡುವ, ಲಾಂಡ್ರಿಯ ಹಿಂದಿನ ಹಾಲಿಗೆ ಬರಬೇಕಿತ್ತು. ಮೂವರು ಸೇರಿ ನಾಲ್ಕನೆಯವಳನ್ನು ಅಂಗೈಗಳ ಮೇಲೆ ನಿಲ್ಲಿಸಿ, ತಲೆಗಿಂತ ಮೇಲಕ್ಕೆತ್ತಿ, ಎಂಟು ಎಣಿಸುವವರೆಗೆ ಅಲುಗದಂತೆ ಹಿಡಿಯಬೇಕು. ಈ ಹುಡುಗಿಯರ ಕೈ ಮೂರಕ್ಕೇ ನಡುಗುತ್ತಿತ್ತು. ಆ ನಡುಕಕ್ಕೆ ಮುಂದಿನ ಅಂಗಡಿಯ ಇಸ್ತ್ರಿಪೆಟ್ಟಿಗೆಗಳು ಮೇಜಿನಿಂದಿಳಿದು ಬೀದಿ ದಾಟಿ ಹೋಗಿದ್ದೂ ಉಂಟು.

ತರಬೇತಿ ಕೊಡುತ್ತಿದ್ದವಳು ಲಾಂಡ್ರಿಯ ಒಡತಿ. ಗಡಿಯಾಚೆಯ ದೇಶಕ್ಕೆ ಮದುವೆಯಾಗಿ ಹೋಗಿದ್ದ ಅವಳ ಅಕ್ಕನದೂ ಅಲ್ಲಿ ಅದೇ ತರಬೇತಿಯ ಕಸುಬು. ಆ ದೇಶದಲ್ಲಿ ಬೀದಿಗೆ ಒಂಬತ್ತು ತಂಡ. ತೊಟ್ಟಿಲ ಕೂಸುಗಳೂ ಪಲ್ಟಿ ಹೊಡೆದೇ ಹಾಲು ಕುಡಿಯುತ್ತವೆ. ಅಕ್ಕನ ತಂಡ ತೊಂಬತ್ತೊಂದು ಅಂಕ ಪಡೆದು ಮೂರನೆಯದಾಯಿತು. ಒಂದು ದೇಶದಿಂದ ಎರಡೇ ತಂಡ ಎಂಬುದು ನಿಯಮ.

ಮುಂದಿನ ವಾರ ಅಕ್ಕ ಮಗಳನ್ನು ಕರೆದುಕೊಂಡು ಬಸ್ಸಿಳಿದು ನೇರ ಅಭ್ಯಾಸದ ಹಾಲಿಗೇ ಬಂದಳು.

ಕಾಫಿ ಲೋಟ ಕೈಗಿಡುವ ಮೊದಲೇ ತಂಗಿ ಹೇಳಿದಳು, "ಅಕ್ಕಾ, ನಾವು ಹೆಸರು ವಾಪಸ್ ತಗೋತೀವಿ. ಆ ಜಾಗ ನಿಮಗೆ ಕೊಡ್ಲಿ."

"ಕೊಡಲ್ಲ ಕಣೇ. ನೀವು ಬಿಟ್ರೆ ಅದು ಖಾಲಿ ಬಿದ್ದಿರುತ್ತೆ, ಅಷ್ಟೇ. ಕೇಳಿ ನೋಡಿದೀನಿ."

"ಯಾವಾಗ ಕೇಳ್ದೆ?"

"ನೀವು ಗೆದ್ದ ದಿನಾನೇ. ತಂಗಿ ಅಂತ ಸುಮ್ನೆ ಬಿಡ್ತೀನಾ?"

ಇಬ್ಬರೂ ನಕ್ಕರು. ಅಕ್ಕನ ನಗು ಬೇಗ ಮುಗಿಯಿತು. "ತೊಂಬತ್ತೊಂದು ತಗೊಂಡೋರು ಮನೇಲಿ, ಅರವತ್ನಾಲ್ಕು ತಗೊಂಡೋರು ವಿಮಾನದಲ್ಲಿ. ಯಾವ ನ್ಯಾಯ ಕಣೇ ಇದು?"

"ನಿಯಮ ತೆಗೆದ್ರೆ ನೀವು ನಲವತ್ತು ತಂಡ ಬರ್ತೀರ. ಆಮೇಲೆ ಅದು ವಿಶ್ವ ಸ್ಪರ್ಧೆನಾ, ನಿಮ್ಮ ಬೀದಿ ಜಗಳಾನಾ?"

ಅಕ್ಕ ಲೋಟ ತಿರುಗಿಸುತ್ತ ಯೋಚಿಸಿದಳು. "ಅದೂ ಸರೀನೇ. ಆದ್ರೆ ಇವಳಿಗೆ ಏನಂತ ಹೇಳ್ಲಿ? ಈ ವರ್ಷ ಕಳೆದ್ರೆ ಈ ವಿಭಾಗದ ವಯಸ್ಸೇ ದಾಟುತ್ತೆ."

ಸದಾ ನೆಟ್ಟಗೆ ನಿಲ್ಲುವ ಅವಳ ಮಗಳನ್ನು ಮನೆಯವರೆಲ್ಲ ಕಡ್ಡಿ ಎನ್ನುತ್ತಿದ್ದರು. ಅವಳು ಇವರ ಮಾತು ಕೇಳುತ್ತಿರಲಿಲ್ಲ. ಚಾಪೆಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು, ಕೆಟ್ಟ ರೇಡಿಯೋ ಬಿಚ್ಚಿ ನೋಡುವವಳ ಹಾಗೆ ಹುಡುಗಿಯರ ಅಭ್ಯಾಸ ನೋಡುತ್ತಿದ್ದಳು.

"ಚಿಕ್ಕಮ್ಮ, ಇವರ ಕೈ ಮೂರಕ್ಕೇ ಯಾಕೆ ನಡುಗುತ್ತೆ?"

"ಅವಳು ಭಾರ," ಎಂದಳು ಕೆಳಗೆ ನಿಲ್ಲುವ ಮೂವರಲ್ಲಿ ಒಬ್ಬಳಾದ ಪ್ಲಂಬರನ ಮಗಳು.

"ಬನ್ ತಿಂದು ಬೆಳೆದೋಳು, ಇನ್ನೇನು ಹತ್ತಿ ಥರ ಇರ್ತೀನಾ?" ಎಂದಳು ಬೇಕರಿಯವರ ಮಗಳು.

"ನಿನಗಿಂತ ನಾನೇ ಎರಡು ಕೆಜಿ ಜಾಸ್ತಿ ಇದೀನಿ," ಎಂದಳು ಕಡ್ಡಿ. "ತೂಕ ಅಲ್ಲ. ಹೆದರಿ ಮೈ ಸಡಿಲ ಬಿಡ್ತೀಯ, ಆಗ ಭಾರ ಎಲ್ಲ ಅವರ ಮಣಿಕಟ್ಟಿಗೆ ಬೀಳುತ್ತೆ. ಬಿಗಿಯಾಗಿ ನಿಂತೋಳನ್ನ ಇವರ ಕೈ ಯಾವತ್ತೂ ಹಿಡಿದೇ ಇಲ್ಲ." ಚಪ್ಪಲಿ ಬಿಟ್ಟು ಚಾಪೆಗೆ ಬಂದಳು. "ನನ್ನ ಎತ್ತಿ ನೋಡಿ."

ಮೂವರು ಮೊಣಕಾಲು ಬಗ್ಗಿಸಿದರು. ಕಡ್ಡಿ ಅವರ ಭುಜ ಹಿಡಿದು ಅಂಗೈಗಳ ಮೇಲೆ ಕಾಲಿಟ್ಟಳು. ಎದ್ದದ್ದು ಹೇಗೆಂದು ಎತ್ತಿದವರಿಗೇ ತಿಳಿಯಲಿಲ್ಲ. ಇನ್ನೊಂದು ಗೇಣು ಹೋಗಿದ್ದರೆ ಸೂರು ಕಿತ್ತುಕೊಂಡು ಮೋಡ ಸೇರುತ್ತಿದ್ದಳು.

ಲಾಂಡ್ರಿಯವಳು ಎಣಿಸಿದಳು. ಮೂರು ಬಂತು, ಹೋಯಿತು. ಯಾರ ಕೈಯೂ ನಡುಗಲಿಲ್ಲ.

"ನನ್ನ ಮುಖ ನೋಡ್ಬೇಡ, ಮೊಣಕಾಲು ನೋಡು," ಎಂದಳು ಕಡ್ಡಿ ಮೇಲಿನಿಂದಲೇ. ಬೇಕರಿಯವರ ಮಗಳು ಬಾಯಿ ಬಿಟ್ಟುಕೊಂಡು ಮೊಣಕಾಲು ನೋಡಿದಳು.

ಎಂಟಾಯಿತು. ಇಳಿ ಎನ್ನಬೇಕಾದ ಲಾಂಡ್ರಿಯವಳು ಅನ್ನಲಿಲ್ಲ. ಗೋಡೆಗೆ ಒರಗಿದ್ದ ಅಕ್ಕ ಮೆಲ್ಲಗೆ "ಒಂಬತ್ತು" ಎಂದಳು. ಕೆಳಗಿನ ಹುಡುಗಿಯರು ದನಿಗೂಡಿಸಿದರು. ಹತ್ತು. ಹನ್ನೊಂದು. ಮೇಲೆ ಕಡ್ಡಿ ಎರಡೂ ತೋಳು ಚಾಚಿ, ಗದ್ದ ಎತ್ತಿ, ಹಾಲಿನ ಆ ತುದಿಯಲ್ಲಿ ಒಣಗಲು ಹಾಕಿದ್ದ ಬಿಳಿ ಹೊದಿಕೆಗಳ ಸಾಲನ್ನೇ ವಿಶ್ವ ಸ್ಪರ್ಧೆಯ ಪ್ರೇಕ್ಷಕರೆಂಬಂತೆ ನೋಡಿ ನಗುತ್ತ ನಿಂತಿದ್ದಳು.