ಅನುಸೂಯಮ್ಮನ ಮಂಚದ ಮೂಲೆ

ಹಗರೆ ಊರಿನ ಅನುಸೂಯಮ್ಮ ನಸುಕಿಗೇ ಎದ್ದು ಹಾಲು ಕರೆಯುವವಳು. ಮಧ್ಯಾಹ್ನ ಒಂದಿಷ್ಟು ಒರಗಿದರೆ ಅದೇ ಅವಳ ಪಾಲಿನ ವಿಶ್ರಾಂತಿ. ಈಗ ಅದಕ್ಕೂ ಕಲ್ಲು ಬಿದ್ದಿತ್ತು. ಮಂಚದ ಮೇಲೆ ತಲೆಯಿಟ್ಟರೆ ಸಾಕು, ಗುಮ್ಮ್ ಎನ್ನುವ ಸದ್ದು. ಕಿವಿಗಿಂತ ಎದೆಗೇ ಹೆಚ್ಚು ಬಡಿಯುತ್ತಿತ್ತು.

ಗಂಡ ದೇವೀರಪ್ಪ ಕೋಣೆಯ ಬಾಗಿಲಲ್ಲಿ ನಿಂತು ಕಿವಿಗೊಟ್ಟ.

"ಯಾವ್ ಸದ್ದೂ ಇಲ್ಲ ಕಣೇ. ನಿಂಗೆ ಗಾಳಿ ಸೋಕೈತೆ. ಸ್ವಾಮ್ಯಾರ ತಾವ ಹೋಗಿ ತಾಯ್ತ ಕಟ್ಟಿಸ್ಕಂಡು ಬರಾನ."

"ಕಟ್ಟಿಸೋದಾದ್ರೆ ಆ ಕರಿಯಯ್ಯನ ಮಿಲ್ಲಿಗೆ ಕಟ್ಟಿಸ್ರಿ! ನನ್ ಕಿವಿ ನೆಟ್ಟಗೈತೆ."

ಹಿಂದಿನ ಬೀದಿಯಲ್ಲಿ ಕರಿಯಯ್ಯನ ಹಿಟ್ಟಿನ ಮಿಲ್ಲು. ತ್ರೀ ಫೇಸ್ ಕರೆಂಟು ಬಂದರೆ ಮಿಲ್ಲು ಶುರು, ಆ ಸದ್ದೂ ಶುರು. ಇನ್ನೇನು ಸಾಕ್ಷಿ ಬೇಕು? ಅನುಸೂಯಮ್ಮ ರಾಗಿ ಬೀಸಿಸಲು ಹಳೇಬೀಡಿನ ಬಸ್ಸು ಹತ್ತುತ್ತಿದ್ದಳು. ಕರಿಯಯ್ಯನ ಜೊತೆ ಮಾತು ಬಿಟ್ಟಿದ್ದಳು.

ಆ ವಾರ ಅವಳ ತಂಗಿಯ ಮಗಳು ಮಧುಶ್ರೀ ಬಂದಳು. ಹಾಸನದ ಕಾಲೇಜಿನಲ್ಲಿ ಸದ್ದು ಅಳೆಯುವುದನ್ನೇ ಕಲಿಯುತ್ತಿದ್ದ ಹುಡುಗಿ. ಬಾಗಿಲಲ್ಲೂ ಮಂಚದ ಬಳಿಯೂ ನಿಂತು ಕೇಳಿದಳು.

"ದೊಡ್ಡಪ್ಪ, ಇಂಥ ಸದ್ದು ಗೋಡೆಗೆ ಬಡಿದು ಮೂಲೆಯಲ್ಲಿ ಜೋರಾಗುತ್ತೆ. ಅದೇ ಕೋಣೆಲಿ ಕೆಲವು ಕಡೆ ಕೇಳೋದೇ ಇಲ್ಲ. ನೀವು ನಿಂತಿರೋದು ಅಂಥ ಕಡೆ."

"ಬನ್ರೀ ಒಳೀಕೆ," ಎಂದಳು ಅನುಸೂಯಮ್ಮ. "ಬಾಗ್ಲಲ್ ನಿಂತ್ಕಂಡೇ ನನ್ನ ಹುಚ್ಚಿ ಮಾಡಿದ್ರಿ."

ದೇವೀರಪ್ಪ ಮಂಚದ ಮೂಲೆಯಲ್ಲಿ ಕುಳಿತ. ಅವನ ಮುಖ ಸಣ್ಣಗಾಯಿತು.

"ಅಯ್ಯೋ ಸಿವ್ನೆ... ಐತೆ ಕಣೇ! ತಡಿ, ಆ ಕರಿಯಯ್ಯನ್ನ ಇವತ್ತು ವಿಚಾರಿಸ್ಕತೀನಿ."

"ಕೂತ್ಕೊಳ್ಳಿ ದೊಡ್ಡಪ್ಪ. ಈ ಸದ್ದು ಯಾವ ಕಡೆಯಿಂದ ಬರುತ್ತೆ ಅಂತ ಬರೀ ಕಿವಿಲಿ ಹೇಳೋದು ಕಷ್ಟ. ಅಳೆದು ನೋಡೋಣ."

ಮಧುಶ್ರೀ ಮನೆಯ ಮೇಲೆ, ಮಿಲ್ಲಿನ ಪಕ್ಕ, ಶಾಲೆಯ ಗೋಡೆಯ ಮೇಲೆ, ಕೆರೆ ಏರಿಯ ಮೇಲೆ ಮೈಕುಗಳನ್ನಿಟ್ಟು ಒಟ್ಟಿಗೇ ಅಳೆದಳು. ಆಮೇಲೆ ಗೋಡೆ, ದಿಬ್ಬ, ಏರಿಗಳ ಸಮೇತ ಊರನ್ನೇ ಕಂಪ್ಯೂಟರಿನಲ್ಲಿ ಕಟ್ಟಿದಳು. ಆ ಕಂಪ್ಯೂಟರಿನ ಊರಲ್ಲಿ ಅನುಮಾನವಿದ್ದ ಒಂದೊಂದು ಜಾಗದಲ್ಲೂ ಸದ್ದು ಹುಟ್ಟಿಸಿ, ಯಾವ ಮೈಕಿಗೆ ಎಷ್ಟು ತಲುಪಬೇಕೆಂದು ಲೆಕ್ಕ ಹಾಕಿಸಿದಳು. ಮಿಲ್ಲಿನಲ್ಲಿ ಹುಟ್ಟಿಸಿದ ಸದ್ದು ಅಳತೆಗೆ ತಾಳೆಯಾಗಲೇ ಇಲ್ಲ. ತಾಳೆಯಾದದ್ದು ತೋಟದಾಚೆಯ ಕೊಬ್ಬರಿ ಒಣಗಿಸುವ ಶೆಡ್ಡಿನ ದೊಡ್ಡ ಫ್ಯಾನು. ಅದೂ ತ್ರೀ ಫೇಸ್ ಬಂದಾಗಲೇ ಓಡುತ್ತಿತ್ತು.

ದೇವೀರಪ್ಪನನ್ನು ಮಂಚದ ಮೂಲೆಯಲ್ಲೇ ಕೂರಿಸಿ, ಅನುಸೂಯಮ್ಮ ಮಧುಶ್ರೀಯ ಜೊತೆ ಶೆಡ್ಡಿಗೆ ಹೋದಳು. ಶೆಡ್ಡಿನ ಮಾಲೀಕ ನಕ್ಕ. "ಅಷ್ಟು ದೂರಕ್ಕೆ ನಮ್ ಫ್ಯಾನ್ ಕೇಳ್ಸುತ್ತಾ? ಕಂಪ್ಯೂಟ್ರು ಒದರಿದ್ದೆಲ್ಲ ನಿಜಾನಾ?"

"ಹಂಗಾರೆ ಆರ್ಸಿ ನೋಡಿ. ಅಲ್ಲೀಗಂಟ ನಾ ಇಲ್ಲಿಂದ ಅಲ್ಲಾಡಕಿಲ್ಲ." ಅನುಸೂಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಶೆಡ್ಡಿನ ಬಾಗಿಲಿಗೆ ಅಡ್ಡ ಕುಳಿತೇಬಿಟ್ಟಳು.

ಬೇರೆ ದಾರಿ ಕಾಣದೆ ಅವನು ಫ್ಯಾನು ಆರಿಸಿದ. ಅನುಸೂಯಮ್ಮನ ಫೋನು ಬಡಿದುಕೊಂಡಿತು. ಮಂಚದ ಮೂಲೆಯಿಂದ ದೇವೀರಪ್ಪ ಕೂಗುತ್ತಿದ್ದ: "ನಿಂತೋಯ್ತು ಕಣೇ! ಮಿಲ್ಲು ಓಡ್ತಾನೇ ಐತೆ, ಸದ್ದು ನಿಂತೋಯ್ತು!"

ಮಾಲೀಕ ರಿಪೇರಿಯವನನ್ನು ಕರೆಸಿದ. ಫ್ಯಾನಿನ ಅಡಿಗೆ ರಬ್ಬರು ಬಂತು, ಬಾಯಿಗೆ ಸದ್ದು ತಗ್ಗಿಸುವ ಪೆಟ್ಟಿಗೆ ಕೂತಿತು. ಅನುಸೂಯಮ್ಮ ರಾಗಿ ಹೊತ್ತು ಕರಿಯಯ್ಯನ ಮಿಲ್ಲಿಗೆ ಬಂದಳು.

"ಯಾಕವ್ವ, ಹಳೇಬೀಡಲ್ಲಿ ನುಣ್ಣಗಾಗಲ್ವಾ?"

"ಸುಮ್ಕೆ ಬೀಸಪ್ಪ. ತಪ್ಪಾಯ್ತು ಅನ್ನಾಕೇ ಬಂದಿದೀನಿ."

ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲಿ ಯಾರಾದರೂ ಸದ್ದು ಎಂದರೆ ಬಾಗಿಲಲ್ಲಿ ನಿಂತು ಇಲ್ಲ ಎನ್ನಬೇಡಿ. ಅವರ ಮೂಲೆಯಲ್ಲಿ ಕೂತು ಕೇಳಿ. ಕಿವಿಯನ್ನು ವೈದ್ಯರಿಗೂ ತೋರಿಸಿ. ನೆರೆಯವರನ್ನು ದೂರುವ ಮೊದಲು ಅಳತೆ ಮಾಡಿಸಿ. ಮೂಲ ಗೊತ್ತಾದ ಮೇಲೆ, ಅದನ್ನು ಆರಿಸಿ ನೋಡುವ ತನಕ ನೀವೂ ಅಲ್ಲಿಂದ ಏಳಬೇಡಿ.